ಬಂಡೆಯ ಹಿಂದೆ ಕೀಳದೆ ಉಳಿದದ್ದು

ಭೀಮಾ ದಂಡೆಗೆ ನಾನು ಮೊದಲ ಸಲ ಹೋದದ್ದು ಒಂದು ಸಹಿಗೋಸ್ಕರ. ಮೂರು ತಾಸಿನ ಮೇಲೆ ಸಹಿಯಿಲ್ಲದೆ, ಎಡಗಾಲಿನ ಚಪ್ಪಲಿಯಿಲ್ಲದೆ, ಎದೆಯ ತನಕ ಹಸಿರು ನೀರಿನಲ್ಲಿ ನೆನೆದು ವಾಪಸಾದೆ.

ನನ್ನ ಹೆಸರು ಮರಿಲಿಂಗ, ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮಡ್ಡಿಗೇರಿಯಿಂದ ಅರ್ಜಿಯೊಂದು ಬಂದಿತ್ತು. ಹೊಳೆಯ ತುಂಬ ಅಂತರಗಂಗೆ ಬೆಳೆದು ನೀರೇ ಕಾಣುತ್ತಿಲ್ಲ, ತೆಗೆಯಲು ಯಂತ್ರ ಕಳಿಸಿ ಎಂದು. ಕೊನೆಯ ಹಾಳೆಗೆ ಸಹಿ ಬಿದ್ದಿರಲಿಲ್ಲ. ಅರ್ಜಿದಾರರು ಸಂಘಮಿತ್ರಾ, ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಪ್ರತಿ ಭಾನುವಾರ ನಾನು ಗೋಗಿಗೆ, ಅವ್ವನ ಹತ್ತಿರ, ಹೋಗುತ್ತೇನೆ. ದಾರಿಯಲ್ಲೇ ಇಳಿದು ಸಹಿ ಹಾಕಿಸಿಕೊಂಡರಾಯಿತು ಎಂದು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಹೊಳೆ ಇರಬೇಕಾದ ಜಾಗದಲ್ಲಿ ಹೊಳೆ ಇರಲಿಲ್ಲ. ದಂಡೆಯಿಂದ ದಂಡೆಗೆ ಹಸಿರು. ಅದರ ಮೇಲೆ ಕೊಕ್ಕರೆಯೊಂದು ಹೊಲದ ಬದುವಿನ ಮೇಲೆ ನಡೆದಂತೆ ಆರಾಮಾಗಿ ನಡೆಯುತ್ತಿತ್ತು. ಮೆಟ್ಟಿಲ ಹತ್ತಿರ, ಆ ಹಸಿರಿನೊಳಗೆ ಸೊಂಟದವರೆಗೆ ಮುಳುಗಿ ಒಬ್ಬಳು ನಿಂತಿದ್ದಳು. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ನನ್ನನ್ನು ನೋಡಿದ್ದೇ ಅವಳ ಹುಬ್ಬು ಗಂಟಾಯಿತು.

"ಏಳಕ್ಕ ಬರತೀನಿ ಅಂದಿದ್ರಿ ಫೋನಿನ್ಯಾಗ. ಈಗ ಎಂಟೂವರಿ."

ನಾನು ಯಾರಿಗೂ ಫೋನು ಮಾಡಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಗೆ ಕುಡಗೋಲು ಬಂದಿತ್ತು. ಕಾಲೇಜಿನಿಂದ ಒಬ್ಬ ಸ್ವಯಂಸೇವಕ ಬರಬೇಕಾಗಿತ್ತಂತೆ. ಅವನು ಬರಲಿಲ್ಲ, ಅವನ ಜಾಗಕ್ಕೆ ನಾನು ಸಿಕ್ಕೆ. ಅವನು ಅವತ್ತು ಎಲ್ಲಿ ಮಲಗಿದ್ದನೋ ಗೊತ್ತಿಲ್ಲ. ಅವನ ನಿದ್ದೆ ಸದಾ ತಂಪಾಗಿರಲಿ.

ಹರಗೋಲಿನಲ್ಲಿ ನಾನು ಅಲ್ಲಿಯತನಕ ಕೂತವನಲ್ಲ. ಬುಟ್ಟಿಯಂಥ ದುಂಡು ದೋಣಿ. ಇಬ್ಬರು ಕೂರುವುದಾದರೆ ಎದುರುಬದುರಾಗಿಯೇ ಕೂರಬೇಕು. ಅವಳು ಎಡಕ್ಕೆ ಬಾಗಿ ಬೇರು ಕೊಯ್ದರೆ ನಾನು ಬಲಕ್ಕೆ ಬಾಗಬೇಕು, ಇಲ್ಲದಿದ್ದರೆ ಇಬ್ಬರೂ ನೀರಿಗೆ. ಮೊದಲ ಅರ್ಧ ಗಂಟೆಯಲ್ಲಿ ನಾನು ಎರಡು ಸಲ ಬಿದ್ದೆ. ಚಪ್ಪಲಿ ಹೋದದ್ದು ಆಗಲೇ.

ಹನ್ನೊಂದೂವರೆಗೆ ದಂಡೆಯಲ್ಲಿ ಎಲ್ಲರಿಗೂ ಮಂಡಕ್ಕಿಯ ಸುಸಲಾ ಹಂಚುತ್ತ ಜೈತುನಬೀ ಎಂಬಾಕೆ, ಊರಲ್ಲಿ ಬಳೆ ತೊಡಿಸುವ ಹೆಂಗಸು, ನಾನು ಯಾವ ಕ್ಲಾಸು ಓದುತ್ತಿದ್ದೇನೆ ಎಂದು ಕೇಳಿದಳು. ಈ ವಯಸ್ಸಿನ ತನಕ ಪಾಸಾಗಿಲ್ಲವೇ ಎಂಬ ಕನಿಕರ ಆ ಪ್ರಶ್ನೆಯಲ್ಲಿತ್ತು. ಆಗ ಜೇಬಿನಿಂದ ಅರ್ಜಿ ತೆಗೆದೆ. ಅದು ಹಿಟ್ಟಿನ ಮುದ್ದೆಯಾಗಿತ್ತು. ಸಂಘಮಿತ್ರಾ ಆ ಮುದ್ದೆಯನ್ನು, ಆಮೇಲೆ ನನ್ನನ್ನು ನೋಡಿದಳು. ನಗು ಅವಳ ಕಣ್ಣಿನ ಕೊನೆಯಲ್ಲಿ ಶುರುವಾಗಿ ತುಟಿಗೆ ಬರಲು ಬಹಳ ಹೊತ್ತು ತೆಗೆದುಕೊಂಡಿತು.

"ಮೊದಲ ಹೇಳಬಾರದೇನ್ರಿ?"

"ಹೇಳಾಕ ಟೈಮ್ ಎಲ್ಲಿ ಕೊಟ್ರಿ?"

"ಮೂರು ತಾಸು ಸಾಲಲಿಲ್ಲೇನು?"

ಸಾಲುತ್ತಿತ್ತು. ಎರಡನೆಯ ಸಲ ನೀರಿಗೆ ಬಿದ್ದಾಗ ಅವಳು ನನ್ನ ಮುಂಗೈ ಹಿಡಿದು ಮೇಲೆಳೆದಿದ್ದಳು. ಆಮೇಲೆ ಹೇಳುವ ಮನಸ್ಸು ಇರಲಿಲ್ಲ.

ಮುಂದಿನ ವಾರ ಹೊಸ ಪ್ರತಿ ಒಯ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದೆ. ಸಹಿಯಾಯಿತು, ಕಡತ ಮೇಲಕ್ಕೆ ಹೋಯಿತು, ಯಂತ್ರ ಇನ್ನೂ ಬರಬೇಕಾಗಿದೆ. ನಾನು ಮಾತ್ರ ಪ್ರತಿ ಐತಾರ ಹೋಗತೊಡಗಿದೆ.

ಯಂತ್ರದ ದಾರಿ ಕಾಯದೆ ಕೆಲಸ ಹಿಡಿದಿದ್ದ ಆ ಊರವರು ಮೂವತ್ತು ಜನ. ಬಲೆ ಬೀಸುವ ಅಂಬಿಗರು, ನಳದ ನೀರನ್ನೇ ನಂಬಿದ ಮನೆಗಳ ಹೆಂಗಸರು, ಅವಳ ಶಾಲೆಯ ಇಬ್ಬರು ಮೇಷ್ಟ್ರು. ಮೆಟ್ಟಿಲಿನಿಂದ ಜಾಕ್‌ವೆಲ್‌ತನಕ, ಅಂದರೆ ಊರಿನ ನಳಗಳಿಗೆ ನೀರೆತ್ತುವ ಪಂಪಿನ ಬಾವಿಯ ತನಕ, ಹೊಳೆಯನ್ನು ತೆರೆಯಬೇಕು. ಹಗ್ಗ ಕಟ್ಟಿ ನೀರನ್ನು ಪಟ್ಟಿಗಳಾಗಿ ವಿಂಗಡಿಸಿದ್ದರು. ಒಂದೊಂದು ಹರಗೋಲಿಗೆ ಒಂದೊಂದು ಪಟ್ಟಿ. ಪಟ್ಟಿಯಲ್ಲಿ ಕೊನೆಯ ಗಿಡ ಕೀಳುವ ತನಕ ಅದರ ಹೊಣೆ ಆ ಹರಗೋಲಿನವರದೇ. ಸಂಘಮಿತ್ರಾ ಕೆಲಸ ಶುರುವಾಗುವ ಮುಂಚೆ ಪ್ರತಿ ಸಲ ಅದೇ ಮಾತು ಹೇಳುತ್ತಿದ್ದಳು. ಈ ಗಿಡ ಹದಿನೈದು ದಿನಕ್ಕೆ ಎರಡರಷ್ಟಾಗುತ್ತದೆ, ಚೂರು ಬಿಟ್ಟರೂ ಪೂರ್ತಿ ಬಿಟ್ಟ ಹಾಗೆ ಎಂದು.

ನನಗೆ ಹರಗೋಲು ಕಲಿಸಿದ್ದು ಸಾಬಣ್ಣ. ಅರವತ್ತು ದಾಟಿದ ಅಂಬಿಗ. ಸೇತುವೆ ಆಗುವ ಮುಂಚೆ ಇಡೀ ತಾಲ್ಲೂಕಿನ ಮದುವೆ ದಿಬ್ಬಣಗಳನ್ನು ಆಚೆ ದಂಡೆಗೆ ಮುಟ್ಟಿಸಿದವನು. ತಿಥಿಯ ನೆಂಟರಿಗಿಂತ ಬೀಗರನ್ನು ದಾಟಿಸುವುದೇ ಕಷ್ಟ, ಅವರು ನಡು ಹೊಳೆಯಲ್ಲೂ ಜಗಳಾಡುತ್ತಾರೆ ಎನ್ನುತ್ತಿದ್ದ. ಹರಗೋಲು ಬುಗುರಿಯ ಹಾಗೆ ತಿರುಗತೊಡಗಿದಾಗ ನನಗೆ ತಲೆ ಸುತ್ತಿ ಬರುತ್ತಿತ್ತು. ಅದಕ್ಕೂ ಅವನ ಹತ್ತಿರ ಮದ್ದಿತ್ತು.

"ನೀರು ನೋಡಬ್ಯಾಡ ಸಾಹೇಬ. ದಂಡಿನೂ ನೋಡಬ್ಯಾಡ. ಎದುರಿಗಿ ಕುಂತವರ ಮಾರಿ ನೋಡು. ಅದೊಂದ ತಿರಗಂಗಿಲ್ಲ."

ನನ್ನ ಎದುರಿಗೆ ಕೂರುತ್ತಿದ್ದವಳು ಸಂಘಮಿತ್ರಾ.

ಹೀಗೆ ನನಗೆ ನೋಡುವ ಪರವಾನಗಿ ಸಿಕ್ಕಿತು. ಅವಳ ಬಲಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿತ್ತು. ಬೇರು ಗಟ್ಟಿಯಿದ್ದರೆ ಕೆಳತುಟಿ ಕಚ್ಚುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತಿತ್ತು. ಬಹುಶಃ ಜಗತ್ತಿನಲ್ಲಿ ಇದನ್ನು ಗಮನಿಸಿದವನು ನಾನೊಬ್ಬನೇ ಎಂದು ನನಗೆ ಹೆಮ್ಮೆಯಾಗುತ್ತಿತ್ತು.

"ಇವತ್ತು ಹರಗೋಲು ತಿರಗಾಕತ್ತಿಲ್ಲಲ್ರಿ," ಎಂದಳು ಒಂದು ದಿನ, ತಲೆ ಎತ್ತದೆ.

"ಇಲ್ರಿ."

"ಮತ್ತ ನನ್ನ ಮಾರಿ ಯಾಕ ನೋಡಾಕತ್ತೀರಿ?"

"ತಿರಗಿದ್ರ ಅಂತ ಮುಂಚಿತ ನೋಡಿ ಇಟ್ಟಕೊಂಡೀನಿ."

ಅವಳು ಒಂದು ಹಿಡಿ ಹಸಿ ಬೇರನ್ನು ನನ್ನ ತೊಡೆಯ ಮೇಲೆ ಎಸೆದಳು. ಅದನ್ನು ಹಾಕಬೇಕಾದದ್ದು ರಾಶಿಗೆ.

ಫೆಬ್ರವರಿ ಶುರುವಿಗೆ ಅಂತರಗಂಗೆ ಹೂ ಬಿಟ್ಟಿತು. ಒಂದು ವಾರದ ಹಿಂದೆ ಬರೀ ಎಲೆಯಿದ್ದ ಕಡೆ ತಿಳಿ ನೇರಳೆ ಗೊಂಚಲುಗಳು. ಪ್ರತಿ ಹೂವಿನ ಮೇಲಿನ ಎಸಳಲ್ಲಿ ನೀಲಿ, ಆ ನೀಲಿಯ ನಡುವೆ ಒಂದು ಹನಿ ಹಳದಿ, ಥೇಟು ನವಿಲುಗರಿಯ ಕಣ್ಣು. ಹಳೆಯ ಶತ್ರು ಹೊಸ ಬಟ್ಟೆ ಹಾಕಿಕೊಂಡು ಮನೆಗೆ ಬಂದ ಹಾಗಿತ್ತು.

ಸಂಘಮಿತ್ರಾಳ ಕುಡಗೋಲು ನಿಂತಿತು. ಎಷ್ಟೋ ವಾರಗಳಲ್ಲಿ ಅದು ಸುಮ್ಮನೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಪಾಪ," ಎಂದಳು. "ತಾ ಕಸ ಅಂತ ಇದಕ್ಕ ಯಾರೂ ಹೇಳೇ ಇಲ್ಲ ನೋಡ್ರಿ."

ಒಂದು ಕಿತ್ತು ಕೊಡಲೇ ಎಂದು ಕೇಳಿದೆ. ಬೇಡವೆಂದಳು, ಕಿತ್ತರೆ ತಾಸಿನೊಳಗೆ ಬಾಡುತ್ತದೆ, ನೀರಲ್ಲಿದ್ದರಷ್ಟೇ ಇದರ ಚೆಂದ ಎಂದಳು. ಒಂದು ಉಸಿರಿನಷ್ಟು ಹೊತ್ತು ನೋಡಿದಳು. ಆಮೇಲೆ ಬುಡಕ್ಕೆ ಕುಡಗೋಲು ಹಾಕಿ ಎಳೆದಳು.

ಮುಂದಿನ ಐತಾರ ಅವಳಿರಲಿಲ್ಲ. ಶಿಕ್ಷಕರ ತರಬೇತಿಗೆಂದು ಸುರಪುರಕ್ಕೆ ಹೋಗಿದ್ದಳು. ಸಾಬಣ್ಣನೂ ಇರಲಿಲ್ಲ. ರಂಗಂಪೇಟೆಯ ಮಗಳು ಹಡೆದಿದ್ದಳು, ಮೊಮ್ಮಗನನ್ನು ನೋಡಲು ಹೋದವನು ತನ್ನ ಪಟ್ಟಿಯಲ್ಲಿ ಸ್ವಲ್ಪವೇ ಉಳಿದಿದೆ, ನೀನೇ ಮುಗಿಸಿಬಿಡು ಎಂದು ನನಗೆ ಒಪ್ಪಿಸಿದ್ದ. ಒಬ್ಬನೇ ಅವನ ಹರಗೋಲು ತೆಗೆದುಕೊಂಡು ಹೋದೆ. ನಡು ಹೊಳೆಯಲ್ಲಿ ಒಂದು ಕರಿಬಂಡೆಯಿದೆ. ಅದರ ಹಿಂದೆ, ದಂಡೆಯಿಂದ ಕಾಣದ ಮಗ್ಗುಲಲ್ಲಿ, ಎರಡು ಹೊರಸು ಮಂಚದಷ್ಟು ಅಗಲಕ್ಕೆ ಹೂ. ಎಲೆ ಕಾಣದಷ್ಟು ಹೂ.

ಎಲ್ಲ ಕಿತ್ತೆ. ಅದೊಂದನ್ನು ಬಿಟ್ಟೆ.

ಅವಳು ಬಂದ ಮೇಲೆ ಏನೂ ಹೇಳದೆ ಹರಗೋಲನ್ನು ಬಂಡೆ ಸುತ್ತಿಸಿ ತೋರಿಸಬೇಕು, ಅವಳು ನೋಡಿದ ಮೇಲೆ ಇಬ್ಬರೂ ಸೇರಿ ಕೀಳಬೇಕು ಎಂದುಕೊಂಡೆ. ಅಲ್ಲಿಯತನಕ ಅದು ತೇಲಿಹೋಗಬಾರದೆಂದು ಸೆಣಬಿನ ದಾರವನ್ನು ಸುತ್ತಲೂ ಬಳಸಿ ಬಂಡೆಯ ಮೂಗಿಗೆ ಕಟ್ಟಿದೆ. ನನ್ನದು ಐದು ವರ್ಷದಿಂದ ದಿನವೂ ಕಡತ ಕಟ್ಟಿದ ಕೈ. ಒಂದು ಸುತ್ತು, ಒಂದು ಕುಣಿಕೆ, ತುದಿ ಎಳೆದರೆ ಥಟ್ಟನೆ ಬಿಚ್ಚಿಕೊಳ್ಳುವ ಗಂಟು. ಬೇರೆ ಗಂಟು ನನಗೆ ಬರುವುದಿಲ್ಲ. ಸಾಬಣ್ಣ ಫೋನಿನಲ್ಲಿ ಕೇಳಿದಾಗ ಎಲ್ಲ ಮುಗಿಯಿತು ಎಂದೆ.

ಆಮೇಲಿನ ಐತಾರ ಶಿವರಾತ್ರಿ, ಕೆಲಸಕ್ಕೆ ರಜೆ. ಅದರ ಮುಂದಿನ ವಾರ ನನಗೆ ಕಚೇರಿಯಲ್ಲೇ ಡ್ಯೂಟಿ ಬಿತ್ತು. ಮಾರ್ಚ್ ಒಂದರಂದು ಬಂದು, ನೆವ ಹೇಳಿ ಅವಳನ್ನು ಬಂಡೆಯ ಹಿಂದಕ್ಕೆ ಕರೆದೊಯ್ದೆ. ಅಲ್ಲಿ ಬರೀ ನೀರಿತ್ತು. ಯಾರೋ ಕಿತ್ತಿರಬೇಕು ಎಂದು ಒಳಗೇ ಬೇಜಾರು ಪಟ್ಟೆ, ಸ್ವಲ್ಪ ಹಗುರವೂ ಆಯಿತು. ಅವಳು ಖಾಲಿ ನೀರನ್ನು ಬಹಳ ಹೊತ್ತು ನೋಡುತ್ತ ಕೂತಿದ್ದಳು. ಇಲ್ಲೇನಿದೆ ಎಂದು ಕೇಳಲಿಲ್ಲ. ಕೇಳಬೇಕಿತ್ತಲ್ಲ ಎಂದು ನನಗೆ ಹೊಳೆಯಲಿಲ್ಲ.

ಮಂಗಳವಾರ ಮಡ್ಡಿಗೇರಿಯ ನಳಗಳು ನಿಂತವು.

ಮೂರು ವಾರದಲ್ಲಿ ಎರಡು ಹೊರಸು ಐದಾರು ಹೊರಸಾಗಿತ್ತು. ಬೇಸಿಗೆಯ ಮೊದಲ ಗಾಳಿಗೆ ನನ್ನ ಗಂಟು ಬಿಚ್ಚಿಕೊಂಡಿತ್ತು. ಇಡೀ ಹಾಸು ತೇಲುತ್ತ ಹೋಗಿ ಜಾಕ್‌ವೆಲ್ಲಿನ ಜಾಲರಿಗೆ ಮೆತ್ತಿಕೊಂಡು, ಬೇರುಗಳು ಒಳಗೆ ಇಳಿದು ಪಂಪು ಸುಟ್ಟಿತ್ತು. ಬುಧವಾರ ರಜೆ ಹಾಕಿ ಹೋದೆ. ಜಾಲರಿಗೆ ಅಂಟಿದ ಕೊಳೆತ ರಾಶಿಯಲ್ಲಿ ನೇರಳೆ ಗೊಂಚಲುಗಳು ಜಜ್ಜಿಹೋಗಿದ್ದವು. ಅವನ್ನು ನಾನು ಗುರುತು ಹಿಡಿದೆ. ಹಿಡಿದೂ ಸುಮ್ಮನಿದ್ದು, ಎಲ್ಲರೊಂದಿಗೆ ಕೀಳುತ್ತ ನಿಂತೆ.

ರಂಜಾನ್ ನಡೆದಿತ್ತು. ಜೈತುನಬೀ ಹನಿ ನೀರು ಬಾಯಿಗೆ ಹಾಕದೆ, ಮೈಲು ದೂರದ ತೋಟದ ಬೋರಿನಿಂದ ಎರಡು ಕೊಡ ಹೊತ್ತು ಬರುವುದನ್ನು ನೋಡಿದೆ. ಒಟ್ಟು ಮೂರು ದಿನ ಹಾಗೆ ಹೊತ್ತಳು. ನನ್ನ ಎದುರಿಗೆ ಬಂದಾಗ, ಪಾಪ ರಜೆ ಹಾಕಿ ಬಂದಿದ್ದಾನೆ, ಒಳ್ಳೆಯ ಹುಡುಗ ಎಂದು ಯಾರಿಗೋ ಹೇಳಿದಳು. ಆ ಮಾತು ಇವತ್ತಿಗೂ ನನ್ನ ಬೆನ್ನಿನಲ್ಲಿ ಮುಳ್ಳಿನಂತೆ ಇದೆ.

ಐತಾರ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಆ ಹಾಸು ಬಂದದ್ದು ಬಂಡೆಯ ಹಿಂದಿನಿಂದ ಎಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಬಂಡೆಯ ಸಂದಿಯಲ್ಲಿ ಇನ್ನೂ ಬೇರಿನ ಚೂರುಗಳಿದ್ದವು, ಆಗಲೇ ಚಿಗುರುತ್ತಿದ್ದವು. ಪಟ್ಟಿ ಸಾಬಣ್ಣನದು. ಅವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಒಬ್ಬರು, ವಯಸ್ಸಾಯಿತು ಎಂದು ಇನ್ನೊಬ್ಬರು ಮೆಲ್ಲಗೆ ಆಡಿದರು. ಕೊನೆಗೆ ಸಂಘಮಿತ್ರಾ, ನೆಲ ನೋಡುತ್ತ, ಕಾಕಾ ಇನ್ನು ಮುಂದೆ ದಂಡೆಯ ಮೇಲೆ ಕೂತು ಹೇಳಿಕೊಡಲಿ, ಪಟ್ಟಿಯನ್ನು ಬೇರೆಯವರಿಗೆ ಕೊಡೋಣ ಎಂದಳು.

ಸಾಬಣ್ಣ ಕೈಯಲ್ಲಿದ್ದ ಹುಟ್ಟನ್ನು ಮರಕ್ಕೆ ಆನಿಸಿ ನಿಲ್ಲಿಸಿದ. ಅದು ಜಾರಿ ಬಿತ್ತು. ಬಗ್ಗಿ ಎತ್ತಿ ಮತ್ತೆ ನಿಲ್ಲಿಸಿದ. ಜೀವಮಾನವೆಲ್ಲ ಹೊಳೆಯಲ್ಲಿ ಇದ್ದವನಿಗೆ ಹುಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಹೋದದ್ದನ್ನು ನೋಡಲಾಗಲಿಲ್ಲ. ನಾನು ಎದ್ದು ನಿಂತೆ.

"ಕಾಕಾಂದು ತಪ್ಪಿಲ್ರಿ. ಅವರು ಊರಾಗ ಇರಲಿಲ್ಲ. ಅದನ್ನ ಬಿಟ್ಟಾವ ನಾನು."

ಯಾಕೆ ಬಿಟ್ಟೆ ಎಂದು ಕೇಳಿದವಳು ಜೈತುನಬೀ.

"ಹೂ ಇದ್ವು ಖಾಲಾ."

"ಇದ್ರ?"

"ಟೀಚರ್ ನೋಡಲಿ ಅಂತ ಬಿಟ್ಟೆ."

ನನ್ನ ಪ್ರೀತಿಯನ್ನು ನಾನು ಮೊದಲು ಹೇಳಿದ್ದು ಹೀಗೆ, ತಪ್ಪೊಪ್ಪಿಗೆಯ ಒಳಗಿಟ್ಟು, ಅದು ಯಾರಿಗೆ ಸೇರಬೇಕೋ ಅವಳೊಬ್ಬಳನ್ನು ಬಿಟ್ಟು ಉಳಿದೆಲ್ಲರ ಮುಖ ನೋಡುತ್ತ.

ಜೈತುನಬೀ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. "ಹಂಗಾದ್ರ ನಾ ಮೂರು ದಿನ ರೋಜಾದಾಗ ಕೊಡ ಹೊತ್ತಿದ್ದು ನಿನ್ನ ಆಶಿಕಿಗಿ ಅನ್ನು," ಎಂದಳು. ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದ ಒಬ್ಬರಿಗೆ ದಾಟಿ ದೊಡ್ಡದಾಯಿತು. ನಾನು ಅವಳ ಕಾಲಿಗೆ ಬಗ್ಗಿದೆ. ಅವಳು ನನ್ನ ತಲೆಗೆ ಸಣ್ಣಗೆ ಏಟು ಕೊಟ್ಟು, ಮೇಲೆದ್ದು ಸಾಬಣ್ಣನ ಕಾಲಿಗೆ ಬೀಳು, ನನ್ನದು ಆಮೇಲೆ ಎಂದಳು.

ಸಾಬಣ್ಣ ಪಾದ ಮುಟ್ಟಲು ಬಿಡಲಿಲ್ಲ. ರುಮಾಲಿನ ಮಡಿಕೆಯಿಂದ ಸೆಣಬಿನ ದಾರದ ಸುರುಳಿಯೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟ.

"ಮಂಗಳವಾರನ ಬಂಡಿ ಸಂದ್ಯಾಗ ಸಿಕ್ಕಿತ್ತು. ಕುಣಿಕಿ ಗುರುತು ಹಂಗ ಇತ್ತು. ಅಂಬಿಗರು ಯಾರೂ ಇಂಥಾ ಗಂಟು ಹಾಕಂಗಿಲ್ಲ ಸಾಹೇಬ. ನೀ ಹೇಳತಿ ಅಂತ ಕುಂತಿದ್ದೆ."

"ಹೇಳದ ಇದ್ದಿದ್ರ, ಕಾಕಾ?"

"ದಾರ ಚಲೋ ಅದ. ಬಲಿ ಕಟ್ಟಾಕ ಇಟ್ಟಕೊಳ್ತಿದ್ದೆ."

ಅಷ್ಟೇ ಹೇಳಿ ಹುಟ್ಟನ್ನು ಎತ್ತಿಕೊಂಡ. ಐದು ದಿನ ತನ್ನ ಮೇಲೆ ಬಿದ್ದ ಮಾತನ್ನು, ನನಗೆ ಬಾಯಿ ಬರಲಿ ಎಂದು ಹೊತ್ತುಕೊಂಡಿದ್ದ ಮನುಷ್ಯ. ಗೋಗಿಯಲ್ಲಿ ಅವ್ವ ದೀಪ ಹಚ್ಚುವಾಗ ನಾನೀಗ ಕೈಮುಗಿದು ನಿಲ್ಲುತ್ತೇನಲ್ಲ, ನನ್ನ ಕಣ್ಣಿಗೆ ಬರುವುದು ಅವನ ಮುಖ.

ನಗದಿದ್ದವಳು ಸಂಘಮಿತ್ರಾ ಒಬ್ಬಳೇ. ಮುಂದಿನ ಐತಾರ ಬಂಡೆಯ ಸುತ್ತಿನದೆಲ್ಲ ಮರಿಲಿಂಗ ಅವರೇ ತೆಗೆಯಲಿ, ಒಬ್ಬರೇ, ಎಂದಳು. ಎಲ್ಲರೂ ಹೋದ ಮೇಲೆ ಮೆಟ್ಟಿಲಲ್ಲಿ ನನ್ನನ್ನು ತಡೆದಳು.

"ಇದರಾಗ ನನ್ನ ಹೆಸರು ಯಾಕ ತಂದ್ರಿ? ಈ ಊರಾಗ ಒಬ್ಬ ಹೆಣಮಗಳ ಮಾತು ಮೂವತ್ತು ಮಂದಿ ಕೇಳಬೇಕಂದ್ರ ಎಷ್ಟು ದಿನ ಬೇಕಾತು ಗೊತ್ತದೇನು?"

ನಿಜ ಹೇಳದೆ ಬೇರೆ ದಾರಿಯಿರಲಿಲ್ಲ ಎಂದೆ.

"ನಿಮ್ಮ ಖರೇ ನೀವು ಹೇಳಿ ಹಗುರಾದ್ರಿ," ಎಂದಳು. ಮತ್ತೇನೋ ಹೇಳಲಿದ್ದವಳು ಹೇಳದೆ ತಿರುಗಿ ನಡೆದಳು.

ಆ ಆರು ದಿನ ಕಚೇರಿಯಲ್ಲಿ ಕಡತಗಳನ್ನು ಕಟ್ಟಲು ನನ್ನ ಕೈಗೆ ಮನಸ್ಸಿರಲಿಲ್ಲ. ಅವಳ ಫೋನು ಬರಲಿಲ್ಲ. ನಾನು ಮಾಡುವ ಧೈರ್ಯ ಮಾಡಲಿಲ್ಲ. ಅವಳು ನನ್ನನ್ನು ಒಲ್ಲೆನೆಂದರೆ ತಡೆದುಕೊಳ್ಳಬಹುದಿತ್ತು. ನನ್ನ ದೆಸೆಯಿಂದ ಅವಳ ಮಾತಿಗೆ ಊರಲ್ಲಿ ಬೆಲೆ ಕಡಿಮೆಯಾದರೆ, ಹೊಳೆ ಮತ್ತೆ ಮುಚ್ಚಿದರೆ, ಅದನ್ನು ತಡೆದುಕೊಳ್ಳುವುದು ಹೇಗೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಐತಾರ ಬೆಳಗಿನ ಏಳಕ್ಕೆ ಎಲ್ಲರೂ ಬಂದಿದ್ದರು. ಒಬ್ಬರೂ ಕಡಿಮೆಯಿರಲಿಲ್ಲ. ನಾನು ತಲೆ ತಗ್ಗಿಸಿ ಹರಗೋಲನ್ನು ನೀರಿಗೆ ತಳ್ಳುತ್ತಿದ್ದೆ. ಅವಳು ಎಲ್ಲರನ್ನೂ ನಿಲ್ಲಲು ಹೇಳಿದಳು. ಹದಿನೈದು ದಿನಕ್ಕೆ ಎರಡಾಗುವ ಮಾತು ಈಗ ಬರುತ್ತದೆ ಎಂದು ಎಲ್ಲರೂ ಕಾದರು. ಅದು ಬರಲಿಲ್ಲ.

"ಶಿವರಾತ್ರಿ ದಿನ ನಾ ಒಬ್ಬಾಕಿನ ಹೊಳಿಯಾಗ ಹೋಗಿದ್ದೆ," ಎಂದಳು. "ಬಂಡಿ ಹಿಂದಿನ ಹೂ ನೋಡಿದೆ. ದಾರ ನೋಡಿದೆ, ಆಫೀಸ್ ಗಂಟು ನೋಡಿದೆ. ಯಾರು ಬಿಟ್ಟಾರ, ಯಾಕ ಬಿಟ್ಟಾರ, ಎಲ್ಲಾ ತಿಳೀತು. ಕೈಯಾಗ ಕುಡಗೋಲಿತ್ತು. ಕೀಳಲಿಲ್ಲ. ಅವರಿಗಾದ್ರ ಗೊತ್ತಾಗಲಿಲ್ಲ ಅನ್ನಬಹುದು. ನನಗ ಗೊತ್ತಿತ್ತು. ಹೋದ ವಾರ ಕಾಕಾನ ಪಟ್ಟಿ ಕಸಿಯೋ ಮಾತು ನನ್ನ ಬಾಯಾಗ ಬಂತು, ಅದಕ್ಕಿಂತ ನಾಚಿಕಿ ಬ್ಯಾರೆ ಇಲ್ಲ. ನನ್ನ ಜಾಗಾದಾಗ ಯಾರನ್ನರ ಮಾಡ್ರಿ."

ಅವಳು ಅಂಗಿಯ ತೋಳನ್ನು ಮಡಚತೊಡಗಿದಳು. ಆಗಲೇ ಮಡಚಿದ ತೋಳನ್ನು ಮತ್ತೆ ಮತ್ತೆ ಮಡಚಿದಳು.

ಎಲ್ಲರೂ ಸಾಬಣ್ಣನ ಕಡೆ ನೋಡಿದರು. ಅನ್ಯಾಯವಾದದ್ದು ಅವನಿಗೆ, ಹೇಳಬೇಕಾದವನೂ ಅವನೇ. ಅವನು ಯೋಚಿಸುತ್ತ ಮೂಗು ತಿಕ್ಕಿಕೊಂಡ. ಹೊಳೆಯಲ್ಲಿ ತಪ್ಪು ಮಾಡದವನು ಹೊಳೆಗೆ ಇಳಿಯದವನೇ, ತಾನೂ ಒಮ್ಮೆ ಮದುಮಗಳನ್ನು ಬಿಟ್ಟು ಬರೀ ದಿಬ್ಬಣವನ್ನು ದಾಟಿಸಿದ್ದೆ ಎಂದ. ಟೀಚರ್ ಇದ್ದ ಕಡೆಯೇ ಇರಲಿ ಎಂದ. ಆದರೆ ಶಿಕ್ಷೆಯನ್ನು ಮಾತ್ರ ಜೈತುನಬೀ ಹೇಳಲಿ, ನೀರು ಹೊತ್ತವಳು ಅವಳು ಎಂದ.

ಜೈತುನಬೀ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು, ಬಳೆಯ ಅಳತೆ ನೋಡುವವಳ ಹಾಗೆ.

"ಬಂಡಿ ಸುತ್ತ ಇಬ್ಬರೂ ಕೂಡೇ ತೆಗೀರಿ. ಒಂದು ಬೇರು ಉಳೀಬಾರದು. ಮುಂದ ಹೂ ನೋಡಬೇಕಂದ್ರ ಕುಂಡ್ಯಾಗ ಮಲ್ಲಿಗಿ ಹಚ್ಚಕೋರಿ, ನಮ್ಮ ನೀರಿಗಿ ಬರಬ್ಯಾಡ್ರಿ."

ಹರಗೋಲಿನಲ್ಲಿ ಎದುರುಬದುರು ಕೂತೆವು. ಬಂಡೆ ಮುಟ್ಟಿದೆವು. ಸಂದಿಯೊಳಗಿನ ಬೇರುಗಳನ್ನು ಕುಡಗೋಲಿನಿಂದ ತೆಗೆಯಲು ಬರುವುದಿಲ್ಲ, ಬೆರಳನ್ನೇ ಹಾಕಬೇಕು. ನಮ್ಮ ಬೆರಳುಗಳು ಒಂದೇ ಸಂದಿಯಲ್ಲಿ, ತಣ್ಣನೆಯ ನೀರಿನಲ್ಲಿ, ಒಂದೇ ಬೇರನ್ನು ಎರಡು ಕಡೆಯಿಂದ ಹಿಡಿದು ಎಳೆದವು.

"ಯಾಕ ಕೀಳಲಿಲ್ರಿ?" ಎಂದೆ.

ಅವಳು ಬೇರನ್ನು ಬಿಡಿಸುತ್ತಲೇ ಇದ್ದಳು. "ನನಗ ಇಪ್ಪತ್ತೊಂಬತ್ತು ವರ್ಷ. ಸ್ಕಾಲರ್‌ಶಿಪ್, ನೌಕರಿ, ಈ ಹೊಳಿ, ಎಲ್ಲಾ ನಾನ ಹಿಂದ ಬಿದ್ದು ತಗೊಂಡೀನಿ. ನಾ ಕೇಳಲಾರದ, ನನಗಂತ ಯಾರೂ ಏನೂ ತಗದಿಟ್ಟಿರಲಿಲ್ಲ. ಒಂದ ವಾರ ಇರಲಿ ಅನಿಸ್ತು."

"ಹೋದ ವಾರ ಅಷ್ಟು ಸಿಟ್ಟು ಮಾಡಿದ್ರಿ."

"ನಿಮ್ಮ ಮ್ಯಾಲೆ ಅಂತ ಯಾರು ಹೇಳಿದ್ರು?"

ಆಮೇಲೆ ತಲೆ ಎತ್ತಿದಳು. ಬಿಸಿಲಿಗೆ ಎಡಗಣ್ಣು ಮೊದಲು ಮುಚ್ಚಿತು. ನನಗೆ ಹೇಳಬೇಕೆನಿಸಿದ್ದು ಬಹಳವಿತ್ತು. ಆದರೆ ಬಾಯಿಗೆ ಬಂದದ್ದು ನಿಮ್ಮಿಂದ ಬಹಳ ಉಪಕಾರವಾಯಿತು ಎಂಬ ಮಾತು, ಥೇಟು ಕಚೇರಿಯ ಪತ್ರದ ಕೊನೆಯ ಸಾಲಿನಂತೆ. ಅವಳು ನಕ್ಕ ರಭಸಕ್ಕೆ ಹರಗೋಲೇ ಅಲ್ಲಾಡಿತು. ಉಪಕಾರ ಯಾತಕ್ಕೆ ಎಂದು ಕೇಳಿದಳು. ಅವತ್ತು ಹೆಸರು ಕೇಳದೆ ಕೈಗೆ ಕುಡಗೋಲು ಕೊಟ್ಟಿರಲ್ಲ, ಅದಕ್ಕೆ ಎಂದೆ.

ಮಧ್ಯಾಹ್ನದ ಹೊತ್ತಿಗೆ ಬಂಡೆಯ ಸುತ್ತ ಒಂದು ಎಳೆ ಉಳಿದಿರಲಿಲ್ಲ. ಸಾಬಣ್ಣ ಬಂದು ಸಂದಿ ಸಂದಿಗೆ ಕೈಹಾಕಿ ತಡವಿ ನೋಡಿ, ಆಯಿತು ಎಂದ. ಆ ದಿನ ನಾನು ಮೊದಲ ಸಲ ಮೆಟ್ಟಿಲಿನಿಂದ ಜಾಕ್‌ವೆಲ್‌ತನಕ ಭೀಮೆಯನ್ನು ತಡೆಯಿಲ್ಲದೆ ನೋಡಿದೆ. ಕಂದು ಬಣ್ಣದ, ಅವಸರವಿಲ್ಲದ ನೀರು. ಅದರೊಳಗೆ ಮೋಡವೊಂದು ಇಡಿಯಾಗಿ ಇಳಿದಿತ್ತು. ಇಷ್ಟನ್ನು ನೋಡಲು ಸಿಕ್ಕಿದ್ದಕ್ಕೆ ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದೆ.

ಶಹಾಪುರದ ಬಸ್ಸಿಗೆಂದು ಕ್ರಾಸಿಗೆ ನಡೆದೆ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಹತ್ತಿರ ಕೂತೆ. ಬಸ್ಸು ಹೊರಟು ಮತ್ತೆ ನಿಂತಿತು. ಯಾರೋ ಓಡಿ ಬಂದು ಹತ್ತಿದರು. ಅದೇ ಗಂಡಸರ ಅಂಗಿ, ಮೊಣಕಾಲ ತನಕ ಕೆಸರು, ತಲೆಯ ಟವೆಲ್ ಈಗ ಹೆಗಲ ಮೇಲೆ. ಬಂದು ನನ್ನ ಪಕ್ಕ ಕೂತಳು. ಎದುರಿಗಲ್ಲ, ಪಕ್ಕದಲ್ಲಿ. ಅವಳ ಮನೆಯಿದ್ದದ್ದು ಹೊಳೆಯ ಮೆಟ್ಟಿಲಿನಿಂದ ನೂರು ಹೆಜ್ಜೆಗೆ. ಬಸ್ಸಿನ ಅಗತ್ಯವೇ ಇಲ್ಲದವಳು.

ಕಂಡಕ್ಟರ್ ಅವಳ ಕೆಸರು ಕಾಲನ್ನೂ ನನ್ನ ಕೆಸರು ಕಾಲನ್ನೂ ನೋಡಿ, ಎಲ್ಲಿಗೆ ಎಂದು ಅವಳನ್ನು ಕೇಳಿದ.

"ಗೋಗಿ."

"ಇದು ಗೋಗಿಗಿ ಹೋಗಂಗಿಲ್ರಿ ಅಕ್ಕಾರ. ಶಹಾಪುರದಾಗ ಇಳದು ಆಟೋ ಹಿಡೀಬೇಕು."

"ಶಹಾಪುರಕ್ಕ ಕೊಡ್ರಿ," ಎಂದು ಆಧಾರ್ ಕಾರ್ಡ್ ತೆಗೆದು ತೋರಿಸಿದಳು. "ಅಲ್ಲಿಂದ ಇವರು ಕರಕೊಂಡು ಹೋಗತಾರ. ಇವರವ್ವನ್ನ ನೋಡಬೇಕಾಗ್ಯದ."